ವಂಶವೃಕ್ಷದ ಹುಚ್ಚು ಹಿಡಿದೋರ ಪ್ರಶ್ನೆಗಳು: 600 ಪೂರ್ವಜರು ಸಿಕ್ಕಿದ್ರು, ಆದ್ರೆ ಅವರು ನಮ್ಮವರೇನಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ "ಸಿಕ್ಕಾಪಟ್ಟೆ ಸಿಕ್ಬಿಡ್ತು, ಈಗೇನ್ ಮಾಡ್ಲಿ" ಅನ್ನೋವು, ಇನ್ನರ್ಧ "ಏನೂ ಸಿಗ್ತಿಲ್ಲ" ಅನ್ನೋವು. ಎರಡೂ ಪಾರ್ಟಿಯೋರಿಗೆ ಕಾಯಿಲೆ ಒಂದೇ ಅಂತ ನನಗನಿಸೋದು. ಎಲ್ಲರೂ ಹೆಸರಿನ ಹಿಂದೆ ಓಡ್ತಿದ್ದೀರಿ, ಆ ಹೆಸರಿಟ್ಕೊಂಡಿದ್ದ ಮನುಷ್ಯ ಯಾರು ಅಂತ ನಿಂತು ನೋಡ್ತಿರೋರು ಕಮ್ಮಿ.

ಪ್ರಶ್ನೆ: ಈ ಹವ್ಯಾಸ ಇತ್ತೀಚೆಗೆ ಶುರು ಮಾಡ್ದೆ. ಒಂದು ವೆಬ್‌ಸೈಟಲ್ಲಿ ಮುತ್ತಾತನ ಹೆಸರು ಹಾಕಿದ ತಕ್ಷಣ ಬೇರೆ ಯಾರೋ ಮಾಡಿಟ್ಟಿದ್ದ ವಂಶವೃಕ್ಷ ತೋರಿಸ್ತು, ಕ್ಲಿಕ್ ಮಾಡ್ತಾ ಹೋದೆ, ಒಂದೇ ರಾತ್ರೀಲಿ 600 ಜನ! ಇಂಗ್ಲೆಂಡಿನ ಒಂದು ಕವಲು 1500ರವರೆಗೂ ಹೋಯ್ತು. ಬೆಳಗ್ಗೆ ಎದ್ದು ನೋಡಿದ್ರೆ ಒಬ್ಬಾಕೆಗೆ ಎಂಟನೇ ವಯಸ್ಸಿಗೆ ಮಗು, ಒಬ್ಬ ಸತ್ತು ಮೂರು ವರ್ಷ ಆದಮೇಲೆ ಅಪ್ಪ ಆಗಿದ್ದಾನೆ, ಇನ್ನೊಂದು ಮಗು 1720ರ ನವೆಂಬರಲ್ಲಿ ಹುಟ್ಟಿ 1720ರ ಫೆಬ್ರವರಿಯಲ್ಲಿ ಬ್ಯಾಪ್ಟಿಸಂ (ಚರ್ಚಲ್ಲಿ ಮಾಡೋ ದೀಕ್ಷಾಸ್ನಾನ) ಆಗಿದೆ. ಎಲ್ಲಾ ಡಿಲೀಟ್ ಮಾಡ್ಲಾ?

ಮೊದಲು ಆ ಮೂರನೇ ಮಗುವನ್ನ ಬಿಟ್ಬಿಡಿ, ಅದು ಸರಿ ಇರೋ ಚಾನ್ಸೇ ಜಾಸ್ತಿ! ಇಂಗ್ಲೆಂಡಲ್ಲಿ 1752ಕ್ಕೆ ಮುಂಚೆ ಲೆಕ್ಕದ ಪ್ರಕಾರ ಹೊಸ ವರ್ಷ ಶುರು ಆಗ್ತಿದ್ದಿದ್ದು ಮಾರ್ಚ್ 25ಕ್ಕೆ. ಅಂದ್ರೆ 1720ರ ನವೆಂಬರ್ ಆದಮೇಲೆ ಡಿಸೆಂಬರ್, ಜನವರಿ, ಫೆಬ್ರವರಿ ಎಲ್ಲಾ 1720ರಲ್ಲೇ ಇರ್ತಿತ್ತು, ನಮ್ಮ ಲೆಕ್ಕದಲ್ಲಿ ಆ ಫೆಬ್ರವರಿ 1721ರದ್ದು. ಗೊಂದಲ ಬೇಡ ಅಂತಾನೇ ತಿಳಿದೋರು ಅದನ್ನ 1720/21 ಅಂತ ಬರೀತಾರೆ, ನೀವೂ ಹಾಗೇ ಬರ್ಕೊಳ್ಳಿ. ಇಷ್ಟು ಸಾಲದು ಅಂತ 1752ರ ಸೆಪ್ಟೆಂಬರಲ್ಲಿ 2ನೇ ತಾರೀಖಿನ ಮಾರನೇ ದಿನ 14 ಬಂತು, ಮಧ್ಯದ 11 ದಿನ ಕ್ಯಾಲೆಂಡರಲ್ಲೇ ಇಲ್ಲ. ಈಗ ನಾವು ಬಳಸೋ ಗ್ರೆಗೋರಿಯನ್ ಕ್ಯಾಲೆಂಡರ್ 1582ರಲ್ಲೇ ಬಂದಿದ್ರೂ ಒಂದೊಂದು ದೇಶ ಒಂದೊಂದು ಕಾಲಕ್ಕೆ ಒಪ್ಕೊಂಡಿದ್ದು, ರಷ್ಯಾ 1918ರಲ್ಲಿ. ಹಾಗಾಗಿ ಹಳೇ ತಾರೀಖು ವಿಚಿತ್ರ ಕಂಡ್ರೆ ತಿದ್ದಕ್ಕೆ ಹೋಗ್ಬೇಡಿ, ಆ ಊರಲ್ಲಿ ಆಗ ಯಾವ ಕ್ಯಾಲೆಂಡರ್ ಇತ್ತು ಅಂತ ನೋಡಿ.

ಉಳಿದ ಎರಡು ಮಾತ್ರ ಖಂಡಿತ ಎಡವಟ್ಟು. ಹೇಗಾಗುತ್ತೆ ಅಂದ್ರೆ, ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರು ಇರ್ತಾರೆ, ತಾತನ ಹೆಸರೇ ಮೊಮ್ಮಗನಿಗೆ ಇಡೋ ಕಡೆ ಅಂತೂ ಒಂದೇ ಮನೇಲೇ ಮೂರು ಜನ ಇರ್ತಾರೆ, ಯಾರೋ ಒಬ್ಬರು ಇಬ್ಬರನ್ನ ಸೇರಿಸಿ ಒಬ್ಬನನ್ನಾಗಿ ಮಾಡಿ ವೆಬ್‌ಸೈಟಿಗೆ ಹಾಕ್ತಾರೆ, ಅದನ್ನ ನೋಡಿ ಇನ್ನೊಬ್ಬರು ಕಾಪಿ, ಅವರಿಂದ ಮತ್ತೊಬ್ಬರು, ಕೊನೆಗೆ ನಲವತ್ತು ಜನರ ವಂಶವೃಕ್ಷದಲ್ಲಿ ಅದೇ ತಪ್ಪು ಕೂತಿರುತ್ತೆ, ಆಗ ಹೊಸಬರು "ನಲವತ್ತು ಜನ ಹೇಳ್ತಿದ್ದಾರಲ್ಲ" ಅಂತ ನಂಬ್ತಾರೆ. ನಲವತ್ತಲ್ಲ, ಒಬ್ಬನೇ ಹೇಳಿದ್ದು. ಅವರೆಲ್ಲ ಏನನ್ನ ನೋಡಿ ಬರೆದ್ರು, ಮೂಲ ದಾಖಲೆ ಯಾವುದು ಅಂತ ಕೇಳಿ, ಉತ್ತರ ಇಲ್ಲ ಅಂದ್ರೆ ಅದನ್ನ ಗಾಳಿಸುದ್ದಿ ಅಂತ್ಲೇ ಇಟ್ಕೊಳ್ಳಿ.

ಆದ್ರೂ ಡಿಲೀಟ್ ಮಾಡ್ಬೇಡಿ. ಗೆಡ್‌ಕಾಂ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಪಕ್ಕಕ್ಕೆ ಇಡಿ. ವಂಶವೃಕ್ಷದ ಸಾಫ್ಟ್‌ವೇರುಗಳು ಮಾಹಿತಿ ಅದಲುಬದಲು ಮಾಡ್ಕೊಳ್ಳೋಕೆ 1980ರ ದಶಕದಿಂದ ಬಳಸ್ತಿರೋ ಫಾರ್ಮ್ಯಾಟ್ ಅದು, ಹೆಚ್ಚೂಕಮ್ಮಿ ಎಲ್ಲಾ ಕಡೆ ಓಪನ್ ಆಗುತ್ತೆ. ಅದು ಸುಳಿವಿನ ಡಬ್ಬ ಅಷ್ಟೇ. ಆಮೇಲೆ ಖಾಲಿ ಹಾಳೆ ತಗೊಂಡು ನಿಮ್ಮಿಂದ ಶುರು ಮಾಡಿ. ನೀವು 1, ಅಪ್ಪ 2, ಅಮ್ಮ 3, ಯಾರದೇ ನಂಬರನ್ನ ಎರಡರಿಂದ ಗುಣಿಸಿದ್ರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿಸಿದ್ರೆ ಅವರ ಅಮ್ಮ. ಈ ನಂಬರಿಂಗ್ ಪದ್ಧತಿಗೆ ಆನೆಂಟಾಫೆಲ್ ಅಂತಾರೆ, ನೂರಾರು ವರ್ಷ ಹಳೇದು, ಇವತ್ತಿಗೂ ಇದಕ್ಕಿಂತ ಸುಲಭದ್ದು ನಾನು ನೋಡಿಲ್ಲ. 1ರಿಂದ 2ಕ್ಕೆ ಹೋಗೋಕೆ ಏನು ಪುರಾವೆ ಇದೆ, 2ರಿಂದ 4ಕ್ಕೆ ಏನಿದೆ ಅಂತ ಪ್ರತಿ ಕೊಂಡಿಗೂ ಬರೀರಿ.

ಪುರಾವೆ ಅಂದ್ರೂ ಎಲ್ಲಾ ಒಂದೇ ತೂಕದ್ದಲ್ಲ. ಮರಣ ಪ್ರಮಾಣಪತ್ರ ತಗೊಳ್ಳಿ, ಅದರಲ್ಲಿ ಸತ್ತ ತಾರೀಖು ನಂಬಬಹುದು, ಯಾಕಂದ್ರೆ ಮೊನ್ನೆ ಮೊನ್ನೆ ನಡೆದಿದ್ದು, ಹೇಳಿದೋನು ಕಣ್ಣಾರೆ ನೋಡಿದ್ದು. ಅದೇ ಕಾಗದದಲ್ಲಿರೋ ಹುಟ್ಟಿದ ಊರು, ತಾಯಿಯ ತವರಿನ ಹೆಸರು? ಅದನ್ನ ಹೇಳಿದ್ದು ಯಾರು, ಅಳ್ತಾ ನಿಂತಿದ್ದ ಅಳಿಯ, ಅವನಿಗೆ ಎಂಬತ್ತು ವರ್ಷದ ಹಿಂದಿನದ್ದು ಏನು ಗೊತ್ತು ಪಾಪ. ಒಂದೇ ಹಾಳೆ, ಅರ್ಧ ಗಟ್ಟಿ, ಅರ್ಧ ಕೇಳಿದ ಮಾತು. ಇನ್ನು ನಿಮ್ಮ 1500ರ ಬಗ್ಗೆ: ಇಂಗ್ಲೆಂಡಲ್ಲಿ ಚರ್ಚುಗಳು ಬ್ಯಾಪ್ಟಿಸಂ, ಮದುವೆ, ಸಮಾಧಿ ರಿಜಿಸ್ಟರ್ ಇಡಬೇಕು ಅಂತ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆದೇಶ ಮಾಡಿದ್ದೇ 1538ರಲ್ಲಿ, ಎಷ್ಟೋ ಊರಲ್ಲಿ ಆ ಮೊದಲ ವರ್ಷಗಳ ಪುಸ್ತಕಗಳೂ ಉಳಿದಿಲ್ಲ. ಸಾಮಾನ್ಯ ರೈತನೊಬ್ಬನಿಗೆ 1510ರ ಬ್ಯಾಪ್ಟಿಸಂ ತಾರೀಖು ಇದೆ ಅಂದ್ರೆ ಎಲ್ಲಿಂದ ಬಂತು ಅಂತ ಕೇಳ್ಲೇಬೇಕು.

ಪ್ರಶ್ನೆ: ನನ್ನ ಮುತ್ತಾತ ಮೂವತ್ತನೇ ವಯಸ್ಸಲ್ಲಿ ಆಕಾಶದಿಂದ ಉದುರಿದ ಹಾಗೆ ಮದುವೆ ರಿಜಿಸ್ಟರಲ್ಲಿ ಕಾಣಿಸ್ಕೊಳ್ತಾರೆ. ಅದಕ್ಕೆ ಮುಂಚೆ ಎಲ್ಲೂ ಇಲ್ಲ. ವರ್ಷಗಟ್ಟಲೆ ಹುಡುಕಿ ಸಾಕಾಗಿದೆ, ಬಿಟ್ಬಿಡ್ಲಾ ಅನ್ನಿಸ್ತಿದೆ.

ಕೆಲವು ಸಲ ಬಿಡಬೇಕಾಗುತ್ತೆ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಅಮೆರಿಕದ 1890ರ ಜನಗಣತಿ ಪತ್ರಗಳಲ್ಲಿ ಬಹುಪಾಲು 1921ರಲ್ಲಿ ವಾಷಿಂಗ್ಟನ್ ಕಟ್ಟಡಕ್ಕೆ ಬಿದ್ದ ಬೆಂಕಿ, ಅದನ್ನ ಆರಿಸೋಕೆ ಹಾಕಿದ ನೀರು, ಇವೆರಡಕ್ಕೂ ಸಿಕ್ಕಿ ಹಾಳಾದ್ವು, ಉಳಿದದ್ದನ್ನೂ ಆಮೇಲೆ ಸರ್ಕಾರವೇ ವಿಲೇವಾರಿ ಮಾಡ್ತು. 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಅನ್ನೋ ನ್ಯಾಯಾಲಯದ ಕಟ್ಟಡದಲ್ಲಿ ನಡೆದ ಕಾಳಗದಲ್ಲಿ ಐರ್ಲೆಂಡಿನ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟು ಏಳು ಶತಮಾನದ ಕಾಗದ ಬೂದಿ ಆಯ್ತು. ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ಜನಗಣತಿ 1942ರಲ್ಲಿ ಸುಟ್ಟೋಯ್ತು, 1941ರಲ್ಲಿ ಯುದ್ಧ ಅಂತ ಗಣತೀನೇ ಮಾಡ್ಲಿಲ್ಲ. ಅಲ್ಲಿ ನೂರು ವರ್ಷ ಆಗೋವರೆಗೂ ಗಣತಿ ಪತ್ರ ಯಾರಿಗೂ ತೋರಿಸಲ್ಲ, 1921ರದ್ದು 2022ರ ಜನವರಿಯಲ್ಲಿ ಬಿಟ್ರು, ಮುಂದಿನದು 1951ರದ್ದು, ಅದು ಸಿಗೋಕೆ 2050ರ ದಶಕ ಬರಬೇಕು. ನಮ್ಮಲ್ಲಿ ಎಷ್ಟು ಜನ ಇರ್ತೀವೋ! ಅಮೆರಿಕದಲ್ಲಿ 72 ವರ್ಷ, ಅಲ್ಲಿ 1950ರದ್ದು 2022ರ ಏಪ್ರಿಲಲ್ಲೇ ಬಂತು. ಹಾಗಾಗಿ ನಿಮ್ಮ ಮುತ್ತಾತನ ಊರಲ್ಲಿ, ಆ ಕಾಲದಲ್ಲಿ ಯಾವ್ಯಾವ ದಾಖಲೆ ಹುಟ್ಟಿತ್ತು, ಯಾವುದು ಉಳಿದಿದೆ, ಯಾವುದು ಬೀಗದಲ್ಲಿದೆ ಅಂತ ಒಂದು ಪಟ್ಟಿ ಮಾಡಿ ಮೊದಲು. ಇಲ್ಲದ ಕಾಗದ ಹುಡುಕ್ತಾ ವರ್ಷ ಕಳೆಯೋರು ತುಂಬಾ ಜನ ಇದ್ದಾರೆ.

ಪಟ್ಟಿ ಮಾಡಿದ ಮೇಲೂ ಇರಬೇಕಾದ ಜಾಗದಲ್ಲಿ ಅವರಿಲ್ಲ ಅಂದ್ರೆ, ಹೆಚ್ಚಿನ ಸಲ ಅವರು ಅಲ್ಲೇ ಇರ್ತಾರೆ, ಸರ್ಚ್ ಬಾಕ್ಸಿಗೆ ಕಾಣಲ್ಲ ಅಷ್ಟೇ. ನೀವು ಹುಡುಕ್ತಿರೋದು ದಾಖಲೆಯನ್ನಲ್ಲ, ಅದನ್ನ ಓದಿ ಯಾರೋ ಟೈಪ್ ಮಾಡಿದ ಸೂಚಿಯನ್ನ. ಗಣತಿಯವನು ಕಿವಿಗೆ ಬಿದ್ದ ಹಾಗೆ ಬರೆದ, ನೂರು ವರ್ಷ ಆದಮೇಲೆ ಇನ್ನೊಬ್ಬರು ಆ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಿ ಇನ್ನೊಂದು ಥರ ಟೈಪ್ ಮಾಡಿದ್ರು. ಆದ್ದರಿಂದ ಮನೆತನದ ಹೆಸರನ್ನ ಬಿಟ್ಟು ಬರೀ ಹೆಸರು, ವಯಸ್ಸು, ಊರು ಹಾಕಿ ನೋಡಿ. ಮನೆತನದ ಹೆಸರು ಅನ್ನೋದು ನಾವಂದ್ಕೊಂಡಷ್ಟು ಗಟ್ಟಿ ವಸ್ತು ಅಲ್ಲವೇ ಅಲ್ಲ, ಟರ್ಕಿಯಲ್ಲಿ ಎಲ್ಲರೂ ಒಂದು ಇಟ್ಕೊಳ್ಳಲೇಬೇಕು ಅಂತ ಕಾನೂನು ಬಂದಿದ್ದು 1934ರಲ್ಲಿ, ಐಸ್‌ಲ್ಯಾಂಡಲ್ಲಿ ಇವತ್ತಿಗೂ ಹೆಚ್ಚಿನವರು ಅಪ್ಪನ ಅಥವಾ ಅಮ್ಮನ ಹೆಸರಿಗೆ ಮಗ, ಮಗಳು ಅಂತ ಸೇರಿಸ್ಕೊಳ್ತಾರೆ. ವಯಸ್ಸನ್ನೂ ಸಡಿಲ ಬಿಡಿ. 1841ರ ಇಂಗ್ಲೆಂಡಿನ ಗಣತಿಯಲ್ಲಿ 15 ದಾಟಿದೋರ ವಯಸ್ಸನ್ನ ಐದರ ಲೆಕ್ಕಕ್ಕೆ ಇಳಿಸಿ ಬರೀರಿ ಅಂತಾನೇ ಸೂಚನೆ ಇತ್ತು, 34 ವರ್ಷದೋನು 30 ಅಂತ ಕಾಣಿಸ್ತಾನೆ, ಅವನೇನು ಸುಳ್ಳು ಹೇಳಿದ್ದಲ್ಲ.

ಅದೂ ಆಗ್ಲಿಲ್ಲ ಅಂದ್ರೆ ಪುಟ ಪುಟ ತಿರುವೋದೇ ಗತಿ. ಫ್ಯಾಮಿಲಿಸರ್ಚ್ ಅನ್ನೋ ಉಚಿತ ತಾಣ ಇದೆ, 1938ರಿಂದ ಮೈಕ್ರೋಫಿಲ್ಮ್ ಮಾಡ್ಕೊಂಡು ಬಂದ ಸುಮಾರು 24 ಲಕ್ಷ ರೀಲನ್ನ ಡಿಜಿಟಲ್ ಮಾಡೋ ಕೆಲಸ 2021ರಲ್ಲಿ ಮುಗಿಸಿದ್ರು. ಅದರಲ್ಲಿ ಎಷ್ಟೋ ಚಿತ್ರಗಳಿಗೆ ಹೆಸರಿನ ಸೂಚಿ ಇಲ್ಲ, ಸರ್ಚಲ್ಲಿ ಬರಲ್ಲ, ಕ್ಯಾಟಲಾಗಿಗೆ ಹೋಗಿ ಊರಿನ ಹೆಸರು ಹಿಡಿದು ಒಳಗೆ ಹೋಗ್ಬೇಕು. ಬೇಜಾರಿನ ಕೆಲಸ ಅಂತೀರಾ, ನನಗಂತೂ ಇದ್ರಲ್ಲೇ ಮಜಾ. ಪುಟ ತಿರುವ್ತಾ ತಿರುವ್ತಾ ಆ ಊರಲ್ಲಿ ಯಾರಿದ್ರು, ಯಾವ ವರ್ಷ ಮಕ್ಕಳು ಸಾಲಾಗಿ ಸತ್ತವು, ಯಾರು ಯಾರ ಮದುವೆಗೆ ಸಾಕ್ಷಿ ಹಾಕಿದ್ರು ಎಲ್ಲಾ ತಲೆಗೆ ಇಳಿಯುತ್ತೆ.

ಆ ಸಾಕ್ಷಿಗಳನ್ನ ನೋಡಿದ್ರಾ ನೀವು? ನಿಮ್ಮ ಮುತ್ತಾತನ ಮದುವೆಗೆ ಸಹಿ ಹಾಕಿದ ಇಬ್ಬರು ಯಾರು? ಗೋಡೆಗೆ ತಲೆ ಚಚ್ಕೊಳ್ಳೋ ಬದಲು ಪಕ್ಕದ ಮನೆಯವರನ್ನ ವಿಚಾರಿಸಿ ಅಂತ ನಾನು ಹೇಳೋದು ಇದಕ್ಕೇ. ಊರು ಬಿಟ್ಟು ಬಂದೋರು ಒಬ್ಬೊಬ್ಬರೇ ಬರೋದು ಕಮ್ಮಿ, ಅಣ್ಣನೋ ಭಾವನೋ ಊರಿನ ಗೆಳೆಯನೋ ಜೊತೆಗಿರ್ತಾನೆ, ಬಂದಮೇಲೂ ಹತ್ತಿರ ಹತ್ತಿರಾನೇ ಮನೆ ಮಾಡ್ತಾರೆ. ನಿಮ್ಮ ಮುತ್ತಾತ ತನ್ನ ಊರಿನ ಹೆಸರು ಎಲ್ಲೂ ಬರೆಸದೇ ಇರಬಹುದು, ಆ ಸಾಕ್ಷಿಯ ಮರಣಪತ್ರದಲ್ಲೋ ಉಯಿಲಲ್ಲೋ ಊರಿನ ಹೆಸರು ಇದ್ದರೂ ಇರಬಹುದು. ಒಡಹುಟ್ಟಿದವರು, ಎರಡನೇ ಹೆಂಡತಿ, ಬಾಡಿಗೆಗಿದ್ದೋರು, ಎಲ್ಲರ ಕಾಗದಾನೂ ತೆಗೀರಿ.

ಅಂದ ಹಾಗೆ, "ಎಲ್ಲಿಸ್ ಐಲ್ಯಾಂಡಲ್ಲಿ (ನ್ಯೂಯಾರ್ಕ್ ಬಂದರಲ್ಲಿದ್ದ ವಲಸೆ ತಪಾಸಣಾ ಕೇಂದ್ರ) ಅಧಿಕಾರಿ ನಮ್ಮ ಹೆಸರು ಬದಲಾಯಿಸಿದ, ಅದಕ್ಕೇ ಸಿಗ್ತಿಲ್ಲ" ಅಂತ ಇನ್ನೂ ಒಬ್ಬರು ಬರೆದಿದ್ದಾರೆ. ಈ ಕಥೆ ಅಮೆರಿಕಕ್ಕೆ ವಲಸೆ ಹೋದೋರ ಮನೆಮನೇಲೂ ಇದೆ, ಆದ್ರೆ ಅಲ್ಲಿನ ಇನ್ಸ್‌ಪೆಕ್ಟರುಗಳು ಹೆಸರು ಬರ್ಕೊಳ್ತಾನೇ ಇರ್ಲಿಲ್ಲ, ಹಡಗು ಹೊರಡೋ ಬಂದರಲ್ಲೇ ತಯಾರಾದ ಪ್ರಯಾಣಿಕರ ಪಟ್ಟಿ ಇಟ್ಕೊಂಡು ಟಿಕ್ ಹಾಕ್ತಿದ್ರು. ಹೆಸರು ಬದಲಾಗಿದ್ದು ಸಾಮಾನ್ಯವಾಗಿ ಆಮೇಲೆ, ಕೆಲಸದ ಜಾಗದಲ್ಲಿ, ಸ್ಕೂಲಲ್ಲಿ, ಅವರೇ ಇಷ್ಟಪಟ್ಟು ಮಾಡ್ಕೊಂಡಿದ್ದು. ಹಡಗಿನ ಪಟ್ಟಿಯಲ್ಲಿ ಹಳೇ ಹೆಸರಲ್ಲೇ ಹುಡುಕಿ.

ಪ್ರಶ್ನೆ: ನಾವು ರಾಜವಂಶದೋರು ಅಂತ ಅಜ್ಜಿ ಹೇಳ್ತಿದ್ರು. ನಿಜಾನಾ, ಹೇಗೆ ಪತ್ತೆ ಹಚ್ಚೋದು?

ಹತ್ತು ತಲೆಮಾರು ಹಿಂದೆ ಹೋದ್ರೆ ನಿಮಗೆ 1,024 ಜನ ಅಜ್ಜ ಅಜ್ಜಿಯರು, ಇಪ್ಪತ್ತಕ್ಕೆ 10 ಲಕ್ಷ ದಾಟುತ್ತೆ, ಮೂವತ್ತಕ್ಕೆ 107 ಕೋಟಿ. ಆಗ ಇಡೀ ಪ್ರಪಂಚದಲ್ಲೇ ಅಷ್ಟು ಜನ ಇರ್ಲಿಲ್ಲ. ಅಂದ್ರೆ ಒಬ್ಬರೇ ನಿಮ್ಮ ಮರದಲ್ಲಿ ಸಾವಿರಾರು ಜಾಗದಲ್ಲಿ ಕೂತಿದ್ದಾರೆ ಅಂತ ಅರ್ಥ. ಹಾಗಾಗಿ ಎಲ್ಲೋ ಒಂದು ಕಡೆ ರಾಜ ಇರ್ತಾನೆ, ಕಳ್ಳನೂ ಇರ್ತಾನೆ, ಅಜ್ಜಿ ಹೇಳಿದ್ದು ತಪ್ಪಲ್ಲ, ಪಕ್ಕದ ಮನೆ ಅಜ್ಜಿ ಹೇಳಿದ್ರೂ ಅಷ್ಟೇ ನಿಜ. ಕಾಗದದಲ್ಲಿ ತೋರಿಸೋದು ಬೇರೆ ವಿಷಯ. ಚೀನಾದಲ್ಲಿ ಕನ್‌ಫ್ಯೂಷಿಯಸ್ ವಂಶದೋರು ಎರಡೂವರೆ ಸಾವಿರ ವರ್ಷದ ಲೆಕ್ಕ ಇಟ್ಟಿದ್ದಾರೆ, 2009ರ ಆವೃತ್ತಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಹೆಸರಿದೆ, ಆದ್ರೆ ಅದನ್ನ ತಲೆತಲಾಂತರದಿಂದ ಬರೀತಾ ಬಂದ್ರು. ಬರೆದಿಡದೇ ಇರೋ ಮನೆಯೋರು ರಾಜನಿಂದ ಕೆಳಗೆ ಇಳೀಬಾರ್ದು, ನಿಮ್ಮಿಂದ ಮೇಲಕ್ಕೆ ಹತ್ತಬೇಕು, ಎಲ್ಲಿ ನಿಲ್ಲುತ್ತೋ ಅಲ್ಲಿಗೆ ನಿಲ್ಲಿ.

ಪ್ರಶ್ನೆ: ಡಿಎನ್‌ಎ ಟೆಸ್ಟ್ ಮಾಡಿಸಿದೆ. ಗೊತ್ತೇ ಇಲ್ಲದ ಒಬ್ಬ ಗಂಡಸು ನನ್ನ ಜೊತೆ ಶೇಕಡ 25 ಮ್ಯಾಚ್ ಅಂತ ತೋರಿಸ್ತಿದೆ. ಅವನಿಗೆ ನನಗಿಂತ ಐದಾರು ವರ್ಷ ಜಾಸ್ತಿ ಇರಬಹುದು. ಇವನು ನನ್ನ ಅಪ್ಪನ ಮಗನಾ? ನಾನೂ ಗಂಡಸೇ. ಅಪ್ಪನನ್ನ ನೇರವಾಗಿ ಕೇಳ್ಬಿಡ್ಲಾ?

ಇವತ್ತು ಕೇಳ್ಬೇಡಿ. ಶೇಕಡ 25 ಅನ್ನೋದು ಒಂದೇ ಸಂಬಂಧದ ಗುರುತಲ್ಲ. ಒಬ್ಬರು ತಂದೆ ಅಥವಾ ತಾಯಿ ಮಾತ್ರ ಒಂದೇ ಆದ ಅಣ್ಣತಮ್ಮಂದಿರು, ತಾತ-ಮೊಮ್ಮಗ, ಚಿಕ್ಕಪ್ಪ ಅಥವಾ ಸೋದರಮಾವ, ಎಲ್ಲರಿಗೂ ಸುಮಾರು ಇಷ್ಟೇ ಬರುತ್ತೆ. ವಯಸ್ಸು ನೋಡಿದ್ರೆ ತಾತ ಅಲ್ಲ, ಆದ್ರೆ ನಿಮ್ಮ ತಾತ-ಅಜ್ಜಿ ಇಬ್ಬರಿಗೂ ತಡವಾಗಿ ಹುಟ್ಟಿದ ಮಗ ಆಗಿದ್ರೆ ಅವನು ನಿಮಗೆ ಚಿಕ್ಕಪ್ಪನೇ. ಹಾಗಾಗಿ ಅಪ್ಪನ ಮೇಲೆ ಗೂಬೆ ಕೂರಿಸೋ ಮುಂಚೆ ಇನ್ನೂ ಎರಡು ಮೂರು ಕೆಲಸ ಇದೆ.

ಮೊದಲು ಯಾವ ಕಡೆ ಅಂತ ನೋಡಿ. ನಿಮ್ಮಿಬ್ಬರಿಗೂ ಬಂದಿರೋ ಬೇರೆ ಮ್ಯಾಚುಗಳಲ್ಲಿ ನಿಮಗೆ ಗೊತ್ತಿರೋ ಕಸಿನ್ ಯಾರಾದ್ರೂ ಇದ್ದಾರಾ, ಅವರು ಅಪ್ಪನ ಕಡೆಯೋರಾ ಅಮ್ಮನ ಕಡೆಯೋರಾ. ನಿಮ್ಮ ಅಮ್ಮ ಒಪ್ಪಿ ಟೆಸ್ಟ್ ಮಾಡಿಸಿದ್ರೆ ಒಂದೇ ಏಟಿಗೆ ಗೊತ್ತಾಗುತ್ತೆ. ಎಕ್ಸ್ ಕ್ರೋಮೋಸೋಮ್ ಹೋಲಿಕೆ ತೋರಿಸೋ ತಾಣ ಆದ್ರೆ ಅದನ್ನೂ ನೋಡಿ, ಗಂಡಸರಿಗೆ ಎಕ್ಸ್ ಬರೋದು ತಾಯಿಯಿಂದ ಮಾತ್ರ, ಹಾಗಾಗಿ ನಿಮ್ಮಿಬ್ಬರ ಮಧ್ಯೆ ದೊಡ್ಡ ಎಕ್ಸ್ ಭಾಗ ಹೊಂದಿದ್ರೆ ನಂಟು ನಿಮ್ಮ ತಾಯಿ ಕಡೆಯಿಂದ. ಎಕ್ಸ್ ಹೊಂದದೆ, ಅಪ್ಪನಿಂದ ಮಗನಿಗೆ ಮಾತ್ರ ಹೋಗೋ ವೈ ಕ್ರೋಮೋಸೋಮಿನ ಟೆಸ್ಟ್ ಮಾಡಿಸಿದಾಗ ಅದು ಹೊಂದಿದ್ರೆ ಅಪ್ಪನ ಸಾಲು ಅಂತ ಅನುಮಾನ ಗಟ್ಟಿಯಾಗುತ್ತೆ, ಅಪ್ಪನೇ ಅಂತಲ್ಲ, ತಾತನೂ ಅದೇ ವೈ, ಚಿಕ್ಕಪ್ಪನೂ ಅದೇ ವೈ.

ಆಮೇಲೆ ಆ ಮನುಷ್ಯನ ಬಗ್ಗೆ ಯೋಚಿಸಿ. ಅವನಿಗೂ ಅದೇ ಸ್ಕ್ರೀನಲ್ಲಿ ನಿಮ್ಮ ಹೆಸರು ಕಾಣಿಸ್ತಿದೆ, ಅವನಿಗೆ ತನ್ನ ಅಪ್ಪ ಯಾರು ಅನ್ನೋದರ ಬಗ್ಗೆ ಇಷ್ಟು ದಿನ ಅನುಮಾನವೇ ಇರದೇ ಇರಬಹುದು. ಮೆಸೇಜ್ ಕಳಿಸೋದಾದ್ರೆ "ನಾವು ಹತ್ತಿರದ ಸಂಬಂಧ ಅಂತ ತೋರಿಸ್ತಿದೆ, ಮಾತಾಡೋ ಮನಸ್ಸಿದ್ರೆ ತಿಳಿಸಿ, ಇಲ್ಲಾಂದ್ರೂ ಪರವಾಗಿಲ್ಲ" ಅಷ್ಟು ಸಾಕು, ಅಪ್ಪನ ಫೋಟೋ ಎಲ್ಲಾ ಅಂಟಿಸ್ಬೇಡಿ. ಉತ್ತರ ಬರದಿದ್ರೆ ಸುಮ್ಮನಿರಿ. ಕೊನೆಗೆ ಅಪ್ಪನ ಕಡೆಯೇ ಅಂತ ಖಚಿತ ಆದ್ರೆ, ಅಪ್ಪನ ಜೊತೆ ಒಬ್ಬರೇ ಕೂತು ಮಾತಾಡಿ, ಹಬ್ಬಕ್ಕೆ ಎಲ್ಲರೂ ಸೇರಿದಾಗ ಅಲ್ಲ.

ಟೆಸ್ಟ್ ಮಾಡಿಸೋಕೆ ಹೊರಟಿರೋ ಉಳಿದೋರಿಗೂ ಇದೇ ಜಾಗದಲ್ಲಿ ಒಂದು ಮಾತು. ನಿಮ್ಮ ಡಿಎನ್‌ಎ ಕೊಟ್ರೆ ನಿಮ್ಮ ಅಕ್ಕಂದು, ಕಸಿನ್‌ದು ಎಲ್ಲಾ ಸ್ವಲ್ಪ ಸ್ವಲ್ಪ ಕೊಟ್ಟ ಹಾಗೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಹಳೇ ಸರಣಿ ಹಂತಕನನ್ನ ಹಿಡಿದಿದ್ದೇ ಅವನ ದೂರದ ನೆಂಟರು ಜೆಡ್‌ಮ್ಯಾಚ್ ಅನ್ನೋ ತಾಣಕ್ಕೆ ಹಾಕಿದ್ದ ಡಿಎನ್‌ಎ ಇಂದ. 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತ್ತು, 2025ರ ಮಾರ್ಚಲ್ಲಿ ಅದು ದಿವಾಳಿ ರಕ್ಷಣೆಗೆ ಅರ್ಜಿ ಹಾಕ್ತು. ಇಷ್ಟೆಲ್ಲಾ ತಿಳ್ಕೊಂಡು ಮಾಡಿಸಿದ್ರೆ ಅಡ್ಡಿ ಇಲ್ಲ. ಮಾಡಿಸಿ "ಥರ್ಡ್ ಕಸಿನ್ ಮ್ಯಾಚ್ ಆಗ್ತಿಲ್ಲ, ಹಾಗಾದ್ರೆ ಅವನು ನಮ್ಮವನಲ್ಲ" ಅಂತ ತೀರ್ಮಾನ ಮಾತ್ರ ಕೊಡ್ಬೇಡಿ, ನಿಜವಾದ ಥರ್ಡ್ ಕಸಿನ್‌ಗಳಲ್ಲೇ (ಅಂದ್ರೆ ಮುತ್ತಾತನ ಅಪ್ಪ-ಅಮ್ಮ ಇಬ್ಬರಿಗೂ ಒಂದೇ ಆಗಿರೋ ನೆಂಟರಲ್ಲೇ) ಹತ್ತರಲ್ಲಿ ಒಂದು ಜೋಡಿಗೆ ಟೆಸ್ಟಲ್ಲಿ ಕಾಣೋಷ್ಟು ಡಿಎನ್‌ಎ ಹಂಚಿಕೆ ಇರಲ್ಲ. ಇನ್ನು "ಇಷ್ಟು ಪರ್ಸೆಂಟ್ ಈ ದೇಶ" ಅನ್ನೋ ಬಣ್ಣದ ಮ್ಯಾಪ್ ಇದೆಯಲ್ಲ, ಅದು ಆ ಕಂಪನಿ ಹತ್ತಿರ ಇರೋ ಸ್ಯಾಂಪಲ್ ಜೊತೆ ಹೋಲಿಸಿ ಹೇಳೋ ಅಂದಾಜು, ಸ್ಯಾಂಪಲ್ ಬದಲಾದ್ರೆ ನಿಮ್ಮ ದೇಶವೂ ಬದಲಾಗುತ್ತೆ.

ಪ್ರಶ್ನೆ: ನಾನು ವಂಶವೃಕ್ಷದ ಮಾತು ತೆಗೆದ ತಕ್ಷಣ ಮನೆಯೋರೆಲ್ಲ ಎದ್ದು ಹೋಗ್ತಾರೆ. ದೊಡ್ಡೋರನ್ನ ಕೇಳಿದ್ರೂ "ನೆನಪಿಲ್ಲ ಬಿಡಪ್ಪ" ಅಂತಾರೆ. ಏನ್ಮಾಡೋದು?

ಎದ್ದು ಹೋಗೋದು ಅವರ ತಪ್ಪಲ್ಲ ಸ್ವಾಮಿ, ಊಟದ ಹೊತ್ತಲ್ಲಿ ಎಂಟು ತಲೆಮಾರಿನ ಹೆಸರು ಓದಿದ್ರೆ ನಾನೂ ಎದ್ದು ಹೋಗ್ತೀನಿ. ದೊಡ್ಡೋರ ಹತ್ತಿರ "ನಿಮ್ಮ ತಾತ ಹುಟ್ಟಿದ ಇಸವಿ ಯಾವುದು" ಅಂತ ಕೇಳ್ಬೇಡಿ, ಪರೀಕ್ಷೆ ಕೊಟ್ಟ ಹಾಗಾಗುತ್ತೆ. ಹಳೇ ಫೋಟೋ ಕೈಗೆ ಕೊಟ್ಟು ಸುಮ್ಮನೆ ಕೂತ್ಕೊಳ್ಳಿ. "ಆ ಮನೇಲಿ ಯಾರ ಕಂಡ್ರೆ ಹೆದರಿಕೆ ಇತ್ತು", "ಯಾರ ಜೊತೆ ಮಾತು ಬಿಟ್ಟಿದ್ರು" ಅಂತ ಕೇಳಿ ನೋಡಿ, ಇಸವಿ ನೆನಪಿಲ್ಲ ಅಂದೋರು ಜಗಳದ ಕಾರಣ ಸಮೇತ ಹೇಳ್ತಾರೆ, ಜಗಳ ಅಂದ್ರೆ ಆಸ್ತಿ, ಆಸ್ತಿ ಅಂದ್ರೆ ಕಾಗದ, ಅಲ್ಲಿಂದ ಇಸವಿ ನೀವೇ ತೆಗೀಬಹುದು. ಅವರ ಒಪ್ಪಿಗೆ ತಗೊಂಡು ಫೋನಲ್ಲಿ ರೆಕಾರ್ಡ್ ಮಾಡಿ, ಮಧ್ಯದಲ್ಲಿ ತಿದ್ದಬೇಡಿ, "ಇಲ್ಲಜ್ಜಿ, ದಾಖಲೆಯಲ್ಲಿ ಬೇರೆ ಇದೆ" ಅಂದ್ರೆ ಅವತ್ತಿಗೆ ಮಾತು ಮುಗೀತು. ಇದನ್ನ ಈ ವಾರಾನೇ ಮಾಡಿ. ಚರ್ಚಿನ ರಿಜಿಸ್ಟರ್ ಮುಂದಿನ ವರ್ಷಾನೂ ಇರುತ್ತೆ.

ಪ್ರಶ್ನೆ: ಅಮ್ಮನ ತಾತ ಕಳ್ಳತನಕ್ಕೆ ಜೈಲಿಗೆ ಹೋಗಿದ್ರು ಅಂತ ಈಗ ಗೊತ್ತಾಯ್ತು. ಮನೇಲಿ ಯಾರಿಗೂ ತಿಳಿದಿಲ್ಲ. ವಂಶವೃಕ್ಷದಲ್ಲಿ ಬರೀಬೇಕಾ, ಮುಚ್ಚಿಡ್ಬೇಕಾ?

ನೀವು ಬೇಜಾರಲ್ಲಿ ಬರೆದಿದ್ದೀರಿ, ನಾನು ಓದಿ ಖುಷಿಪಟ್ಟೆ, ಕ್ಷಮಿಸಿ. ಬಡವರಾಗಿ ಹುಟ್ಟಿ, ಒಳ್ಳೆಯವರಾಗಿ ಬಾಳಿ ಸತ್ತೋರ ಬಗ್ಗೆ ಸಿಗೋದು ಮೂರೇ ಸಾಲು, ಹುಟ್ಟಿದ್ರು, ಮದುವೆ ಆದ್ರು, ಸತ್ರು. ಜೈಲಿನ ರಿಜಿಸ್ಟರಲ್ಲಿ ಎಷ್ಟೋ ಕಡೆ ಎತ್ತರ, ಕಣ್ಣಿನ ಬಣ್ಣ, ಮೈ ಮೇಲಿನ ಗಾಯದ ಗುರುತು, ಓದು ಬರಹ ಬರುತ್ತಾ ಇಲ್ವಾ, ಕಸುಬು ಏನು, ಎಲ್ಲಾ ಬರೀತಿದ್ರು. ಫೋಟೋನೇ ಇಲ್ಲದ ಕಾಲದ ಒಬ್ಬ ಕೂಲಿಯವನ ಎಡಗೈ ಮೇಲೆ ಸುಟ್ಟ ಕಲೆ ಇತ್ತು ಅಂತ ನಮಗೆ ಗೊತ್ತಾಗೋದು ಇಂಥ ಕಡೆಯಿಂದಾನೇ.

ಬರೀರಿ. ಆದ್ರೆ ಎರಡು ಪ್ರತಿ ಇರಲಿ. ನಿಮ್ಮ ಸ್ವಂತ ಫೈಲಲ್ಲಿ ಪೂರ್ತಿ, ಮೂಲ ದಾಖಲೆ ಎಲ್ಲಿ ಸಿಕ್ತು, ಯಾವ ಪುಟ ಅಂತ ಸಮೇತ. ಎಲ್ಲರಿಗೂ ಕಾಣೋ ಆನ್‌ಲೈನ್ ಮರದಲ್ಲಿ ಹಾಕೋ ಮುಂಚೆ ಅವರ ಮಕ್ಕಳು ಯಾರಾದ್ರೂ ಇನ್ನೂ ಬದುಕಿದ್ದಾರಾ ನೋಡಿ, ಇದ್ರೆ ಅವರಿಗೆ ಮೊದಲು ಹೇಳಿ, ಅವರು ಬೇಡ ಅಂದ್ರೆ ಸದ್ಯಕ್ಕೆ ಬೇಡ. ಅಮ್ಮನಿಗೂ ಹೇಳಿ. ನಿಮಗೇ ಹೊಸ ಸುದ್ದಿ ಅಂದ ಮಾತ್ರಕ್ಕೆ ಅಮ್ಮನಿಗೆ ಗೊತ್ತಿಲ್ಲ ಅಂತ ಅಂದ್ಕೋಬೇಡಿ, ಇಂಥ ವಿಷಯ ದೊಡ್ಡೋರಿಗೆ ಅರ್ಧಂಬರ್ಧ ಗೊತ್ತಿರುತ್ತೆ.

ಆಮೇಲೆ ಜೈಲಿನ ರಿಜಿಸ್ಟರಿಗೇ ನಿಲ್ಲಿಸ್ಬೇಡಿ. ಶಿಕ್ಷೆ ಆದ ತಾರೀಖು ಸಿಕ್ಕಿದೆ ಅಂದ್ರೆ ಕೋರ್ಟಿನ ಕಡತ ಉಳಿದಿದೆಯಾ ಅಂತ ಪತ್ರಾಗಾರದಲ್ಲಿ ವಿಚಾರಿಸಿ, ಆ ವಾರದ ಸ್ಥಳೀಯ ಪೇಪರ್ ನೋಡಿ. ಏನು ಕದ್ದ, ಯಾರ ಮನೆಯಿಂದ, ಆ ವರ್ಷ ಊರಲ್ಲಿ ಬರ ಇತ್ತಾ, ಯಾರು ಸಾಕ್ಷಿ ಹೇಳಿದ್ರು ಅನ್ನೋದು ಅಲ್ಲಿರುತ್ತೆ. ಅದೃಷ್ಟ ಇದ್ರೆ ಅವರ ಸ್ವಂತ ಹೇಳಿಕೆಯೂ ಇರುತ್ತೆ, ಗುಮಾಸ್ತ ಕೇಳಿ ಬರ್ಕೊಂಡಿದ್ದು. ಸಿಕ್ಕಿದ್ರೆ ಪೂರ್ತಿ ಫೋಟೋ ತಗೊಳ್ಳಿ, ಹಾಳೆಯ ಹಿಂಭಾಗ ಬಿಡ್ಬೇಡಿ, ಎಷ್ಟೋ ಸಲ ಹೆಬ್ಬೆಟ್ಟು ಇರೋದು ಅಲ್ಲೇ.